ಮಗುವಿಗೊಂದು ಮಾತು ಕೊಡಿ

ಮೂರನೇ ಕ್ಲಾಸಿನಲ್ಲಿ ಓದುವ ನಮ್ಮಣ್ಣನ ಮಗ ಒಂದು ಸಂಜೆ ಶಾಲೆಯಿಂದ ಬಂದವನೇ ಬ್ಯಾಗನ್ನು ಸೋಫಾದ ಮೇಲೆ ಎಸೆದು, ಶೂ ಕೂಡ ಬಿಚ್ಚದೆ ಮೂಲೆ ಸೇರಿದ. ಅತ್ತಿಗೆ ‘ಏನಾಯ್ತೋ?’ ಅಂದರು. ‘ಏನಿಲ್ಲ, ಬೇಜಾರು.’ ಹಾಲು ಬಂತು, ಬಿಸ್ಕತ್ತು ಬಂತು, ಕೊನೆಗೆ ಟಿವಿ ರಿಮೋಟೂ ಕೈಗೆ ಬಂತು. ಬೇಜಾರು ಮಾತ್ರ ಹೋಗಲಿಲ್ಲ.

ಅಲ್ಲೇ ಅವರೆಕಾಯಿ ಬಿಡಿಸುತ್ತ ಕೂತಿದ್ದ ನಮ್ಮಮ್ಮ ಮುಖ ಎತ್ತದೆ ಕೇಳಿದರು: ‘ಯಾವ ಬೇಜಾರೋ ಅದು? ಮಿಸ್ ಬೈದ ಬೇಜಾರೋ, ಯಾರೋ ಹೊಡೆದ ಬೇಜಾರೋ, ಹೊಟ್ಟೆ ಹಸಿದ ಬೇಜಾರೋ?’

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. ‘ಅದ್ಯಾವ್ದೂ ಅಲ್ಲ ಅಜ್ಜಿ. ಇವತ್ತು ಅವನು ಬೇರೆ ಬೆಂಚಲ್ಲಿ ಕೂತ್ಕೊಂಡ. ಮನೆಗೂ ಅವರ ಜೊತೇನೇ ಹೋದ.’

‘ಓ, ಜೊತೆಗಾರ ಬಿಟ್ಟುಹೋದ ಬೇಜಾರು.’

ಅವನು ಹೂಂ ಅಂದ. ಆಮೇಲೆ ಅತ್ತ. ಅತ್ತು ಮುಗಿಸಿ, ಶೂ ಬಿಚ್ಚಿ, ಅಜ್ಜಿಯ ಪಕ್ಕದಲ್ಲಿ ಅವರೆಕಾಯಿ ಬಿಡಿಸಲು ಕೂತ. ‘ನಾಳೆ ಬಿಡೋ ಹೊತ್ತಿಗೆ ನೀನು ಗೇಟ್ ಹತ್ರ ಇರ್ತೀಯಾ?’ ಎಂದು ಕೇಳಿದ. ಮಂಡಿನೋವಿನಿಂದ ಮನೆಯ ಮೆಟ್ಟಿಲಿಳಿಯಲೂ ಹಿಂದೆಮುಂದೆ ನೋಡುವ ಅಮ್ಮ ‘ಇರ್ತೀನಿ’ ಅಂದುಬಿಟ್ಟರು.

ಅಮ್ಮ ಓದಿದ್ದು ನಾಲ್ಕನೇ ಇಯತ್ತೆ. ಅವತ್ತು ಅವರು ಮಾಡಿದ್ದು ಎರಡೇ ಕೆಲಸ. ಮಗುವಿನ ಒಳಗಿದ್ದ ಗೋಜಲಿಗೆ ಒಂದು ಮಾತು ಕೊಟ್ಟರು, ಆಮೇಲೆ ಮಗುವಿಗೊಂದು ಮಾತು ಕೊಟ್ಟರು. ಕನ್ನಡದಲ್ಲಿ ‘ಮಾತು ಕೊಡುವುದು’ ಎಂದರೆ ಭಾಷೆ ಕೊಡುವುದು ಎಂದರ್ಥ. ‘ಭಾಷೆ’ ಎಂಬ ಪದಕ್ಕೂ ನುಡಿ, ವಚನ ಎಂಬ ಎರಡೂ ಅರ್ಥಗಳಿವೆ. ಮಕ್ಕಳ ಭಾವನಾತ್ಮಕ ಬುದ್ಧಿಮತ್ತೆ ಎಂದು ಇಂದು ಶಾಲೆಗಳ ಜಾಹೀರಾತಿನಲ್ಲೂ ಕಾಣುವ ದೊಡ್ಡ ಪದದ ಬಹುಪಾಲು ಈ ಎರಡು ಅರ್ಥಗಳೊಳಗೇ ಇದೆ ಎಂಬುದು ನನ್ನ ವಾದ.

ಆ ಪದ ಬಂದದ್ದು ಹೀಗೆ. 1990ರಲ್ಲಿ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ಈ ಹೆಸರಿನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತನ್ನ ಮತ್ತು ಇನ್ನೊಬ್ಬರ ಭಾವನೆಯನ್ನು ಗುರುತಿಸುವುದು, ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ತಿಳಿಯುವುದು, ಆ ತಿಳಿವಳಿಕೆಯನ್ನು ಯೋಚನೆಗೂ ನಡತೆಗೂ ಬಳಸುವುದು ಕೂಡ ಒಂದು ಬಗೆಯ ಬುದ್ಧಿಯೇ ಎಂದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಬರೆದ ಪುಸ್ತಕ ಅದನ್ನು ಜಗತ್ತಿನ ಬಾಯಿಗೆ ತಂದಿತು. ಜೊತೆಗೆ ‘ಐಕ್ಯೂಗಿಂತ ಇಕ್ಯೂ ದೊಡ್ಡದು’ ಎಂಬ ಘೋಷಣೆಯೂ ಹುಟ್ಟಿಕೊಂಡಿತು. ಅಷ್ಟು ದೊಡ್ಡ ಮಾತಿಗೆ ತಕ್ಕ ಪುರಾವೆ ಇಲ್ಲ. ಲೆಕ್ಕ ಬಾರದ ಮಗುವನ್ನು ‘ಇಕ್ಯೂ ಕ್ಲಾಸ್’ ದಾಟಿಸುವುದಿಲ್ಲ. ಆದರೆ ಗುರುತಿಸಿ, ಹೆಸರಿಟ್ಟು, ನಿಭಾಯಿಸುವ ಮೂಲ ವಿಚಾರ ಗಟ್ಟಿಯಾದದ್ದು.

ಹೆಸರಿಡುವುದರಿಂದ ಏನಾಗುತ್ತದೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿದವರಿಗೆ ಸಿಟ್ಟಿನ, ಭಯದ ಮುಖಗಳನ್ನು ತೋರಿಸಲಾಯಿತು. ಸುಮ್ಮನೆ ಮುಖ ನೋಡಿದಾಗ ಮಿದುಳಿನ ಅಪಾಯದ ಗಂಟೆಯಂತಿರುವ ಅಮಿಗ್ಡಲ ಎಂಬ ಭಾಗ ಚುರುಕಾಗುತ್ತಿತ್ತು. ‘ಇದು ಸಿಟ್ಟು’, ‘ಇದು ಭಯ’ ಎಂದು ಪದ ಆರಿಸಿದಾಗ ಅದರ ಅಬ್ಬರ ತಗ್ಗಿ, ಹಣೆಯ ಹಿಂದಿನ ಯೋಚಿಸುವ ಭಾಗ ಎಚ್ಚೆತ್ತಿತು. ಅವರೆಲ್ಲ ದೊಡ್ಡವರು. ಯೋಚಿಸಿ ತಡೆಯುವ ಈ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತರ ಹರೆಯದ ನಡುಭಾಗದವರೆಗೂ ಕಾಲ ಬೇಕು. ಎಂಟು ವರ್ಷದ ಹುಡುಗ ಸಿಟ್ಟು ಬಂದಾಗ ಪೆನ್ಸಿಲ್ ಮುರಿದರೆ ಅವನ ಬ್ರೇಕು ಇನ್ನೂ ಜೋಡಣೆಯಾಗುತ್ತಿದೆ ಎಂದು ತಿಳಿಯಬೇಕು. ಅಲ್ಲಿಯವರೆಗೆ ಪಕ್ಕದಲ್ಲಿರುವ ದೊಡ್ಡವರೇ ಅವನ ಬ್ರೇಕು.

ಇನ್ನು ಪದಗಳ ವಿಷಯ. ನಮ್ಮ ಮಕ್ಕಳ ಬಾಯಲ್ಲಿ ಈಗ ಮೂರು ಮತ್ತೊಂದು ಉಳಿದಿವೆ: ಬೇಜಾರು, ಬೋರು, ಟೆನ್ಷನ್ನು, ಸಿಟ್ಟು. ಆಟ ಸೋತರೂ ಬೇಜಾರು, ಅಜ್ಜ ತೀರಿಕೊಂಡರೂ ಬೇಜಾರು. ಕನ್ನಡಕ್ಕೆ ಈ ಬಡತನ ಇರಲಿಲ್ಲ. ಸಿಟ್ಟು ಯಾರ ಮೇಲಾದರೂ ಬರಬಹುದು. ಮುನಿಸು ನಮ್ಮವರ ಮೇಲೆ ಮಾತ್ರ. ಚಿಲ್ಲರೆ ಕೊಡದ ಕಂಡಕ್ಟರ್ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡ ಮಗು ಓಲೈಸಲಿ ಎಂದು ಕಾಯುತ್ತಿರುತ್ತದೆ. ಸೆಡವು ತೋರುವ ಮಗು ಓಲೈಸಿದರೂ ಬಗ್ಗದು. ಹೊಸ ನೆಂಟರೆದುರು ಬರುವುದು ಸಂಕೋಚ, ಎಲ್ಲರೆದುರು ಚಡ್ಡಿ ಹರಿದಾಗ ಮುಜುಗರ, ಮಾರ್ಕ್ಸನ್ನು ಗಟ್ಟಿಯಾಗಿ ಓದಿ ನಗಿಸಿದಾಗ ಅವಮಾನ. ಕತ್ತಲೆಗೆ ಹೆದರಿಕೆ, ವೇದಿಕೆ ಹತ್ತುವಾಗ ಅಳುಕು, ಸಂತೆಯಲ್ಲಿ ಅಮ್ಮನ ಕೈ ತಪ್ಪಿದಾಗ ದಿಗಿಲು. ಗೆಳೆಯನಿಗೆ ಹೊಸ ಸೈಕಲ್ ಬಂದಾಗ ಹೊಟ್ಟೆಕಿಚ್ಚು, ಸುಳ್ಳು ಹೇಳಿ ಮಲಗಿದ ರಾತ್ರಿ ಕಸಿವಿಸಿ. ಇವುಗಳಲ್ಲಿ ಒಂದೊಂದಕ್ಕೂ ಮದ್ದು ಬೇರೆ. ಮುಜುಗರಪಟ್ಟ ಮಗುವನ್ನು ಸುಮ್ಮನೆ ಬಿಟ್ಟರೆ ಸಾಕು, ಅವಮಾನಪಟ್ಟ ಮಗುವನ್ನು ಹಾಗೆ ಬಿಡುವಂತಿಲ್ಲ. ಎರಡನ್ನೂ ಬೇಜಾರೆಂದರೆ ಮದ್ದು ತಪ್ಪುತ್ತದೆ.

ನಮ್ಮ ಹಳಬರು ಈ ಕೆಲಸವನ್ನು ಶಾಸ್ತ್ರವಾಗಿಯೇ ಮಾಡಿದ್ದರು. ಭರತನ ನಾಟ್ಯಶಾಸ್ತ್ರ ಎಂಟು ಸ್ಥಾಯಿಭಾವಗಳ ಜೊತೆಗೆ ಬಂದುಹೋಗುವ ಮೂವತ್ತಮೂರು ಸಂಚಾರಿ ಭಾವಗಳನ್ನು ಎಣಿಸುತ್ತದೆ. ಶಂಕೆ, ಅಸೂಯೆ, ದೈನ್ಯ, ಚಿಂತೆ, ವಿಷಾದ, ಗರ್ವ ಎಲ್ಲ ಅದರಲ್ಲಿವೆ. ಬೆವರು, ನಡುಕ, ಕಣ್ಣೀರು, ರೋಮಾಂಚ, ದನಿ ಒಡೆಯುವುದು ಹೀಗೆ ಮೈಯಲ್ಲಿ ಕಾಣುವ ಎಂಟನ್ನು ಸಾತ್ತ್ವಿಕ ಭಾವವೆಂದು ಬೇರೆ ಇಟ್ಟಿದೆ. ಕನ್ನಡದ ಆಡುಮಾತೂ ಭಾವವನ್ನು ಮೈಯಲ್ಲೇ ಹುಡುಕುತ್ತದೆ: ಎದೆ ಡವಗುಟ್ಟುತ್ತದೆ, ಗಂಟಲು ಕಟ್ಟುತ್ತದೆ, ಕರುಳು ಚುರುಕ್ಕೆನ್ನುತ್ತದೆ, ಕೈಕಾಲು ತಣ್ಣಗಾಗುತ್ತದೆ. ಚಿಕ್ಕ ಮಕ್ಕಳಿಗೆ ಇದೇ ಸುಲಭದ ದಾರಿ. ಸೋಮವಾರ ಬೆಳಿಗ್ಗೆ ಮಾತ್ರ ಬರುವ ಹೊಟ್ಟೆನೋವನ್ನು ನಾಟಕವೆಂದು ಗದರುವ ಮುಂಚೆ ‘ಹೊಟ್ಟೆಯೊಳಗೆ ಏನೋ ತೊಳಸಿದ ಹಾಗಾಗುತ್ತಾ? ಕ್ಲಾಸು ನೆನೆಸಿಕೊಂಡರೆ ಜಾಸ್ತಿಯಾಗುತ್ತಾ?’ ಎಂದು ಕೇಳಿ ನೋಡಬಹುದು. ನೋವು ಸುಳ್ಳಿರುವುದಿಲ್ಲ, ಅದರ ವಿಳಾಸ ಬೇರೆ ಇರುತ್ತದೆ.

ಮನೆಯಲ್ಲಿ ನಾವು ಏನು ಮಾಡುತ್ತೇವೆ? ನಡೆಯಲು ಕಲಿಯುವ ಕೂಸು ಎಡವಿ ಬಿತ್ತೆನ್ನಿ. ಓಡಿಹೋಗಿ ಎತ್ತಿಕೊಂಡು ‘ಈ ನೆಲಾನೇ ಕೆಟ್ಟದ್ದು, ಹತ್ತ ಕೊಡ್ತೀನಿ’ ಎಂದು ನೆಲಕ್ಕೆ ಎರಡೇಟು ಹಾಕುತ್ತೇವೆ. ಪ್ರೀತಿಯಿಂದಲೇ ಮಾಡುವ ಕೆಲಸ. ಆದರೆ ನೋವಾದಾಗ ಯಾರನ್ನಾದರೂ ಹೊಡೆಯಬೇಕು ಎಂಬ ಮೊದಲ ಪಾಠ ಅಲ್ಲೇ ಮುಗಿದಿರುತ್ತದೆ. ಅಳು ನಿಲ್ಲದಿದ್ದರೆ ಗುಮ್ಮ ಬರುತ್ತಾನೆ. ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುವ ಬಾಲಕೃಷ್ಣನನ್ನು ಪುರಂದರದಾಸರು ಕೀರ್ತನೆಯಲ್ಲಿ ತಂದು ಶತಮಾನಗಳೇ ಆದವು. ನಾವು ಆ ಹಾಡನ್ನು ಕಲಿಸುತ್ತೇವೆ, ಗುಮ್ಮನನ್ನೂ ಕರೆಯುತ್ತೇವೆ. ಈಗ ಗುಮ್ಮನ ಕೆಲಸವನ್ನು ಮೊಬೈಲ್ ವಹಿಸಿಕೊಂಡಿದೆ. ಅಳುವ ಮಗುವಿನ ಕೈಗೆ ಫೋನ್ ಕೊಟ್ಟರೆ ಅಳು ತಟಕ್ಕನೆ ನಿಲ್ಲುವುದು ನಿಜ. ಅಳು ತಾನಾಗಿ ಏರಿ, ಇಳಿದು, ಮುಗಿಯುತ್ತದೆ ಎಂಬ ಅನುಭವ ಮಾತ್ರ ಆ ಮಗುವಿಗೆ ಸಿಗದೇ ಹೋಗುತ್ತದೆ.

ಇನ್ನೊಂದು ಹಳೆಯ ಹಂಚಿಕೆ ಇದೆ. ಹುಡುಗ ಅತ್ತರೆ ‘ಹೆಣ್ಣುಮಕ್ಕಳ ಥರ ಅಳ್ತೀಯಲ್ಲೋ’. ಹುಡುಗಿ ರೇಗಿದರೆ ‘ಹೆಣ್ಣುಮಗೂಗೆ ಇಷ್ಟೊಂದು ಸಿಟ್ಟು ಒಳ್ಳೇದಲ್ಲ’. ಹೀಗೆ ದುಃಖ, ಭಯ, ಅವಮಾನವನ್ನೆಲ್ಲ ಹುಡುಗ ಸಿಟ್ಟಿನ ವೇಷ ಹಾಕಿಸಿ ಹೊರಗೆ ಕಳಿಸುತ್ತಾನೆ. ಹುಡುಗಿ ನ್ಯಾಯವಾದ ಸಿಟ್ಟನ್ನೂ ನುಂಗಿಕೊಂಡು ಕಣ್ಣೀರು ಹಾಕುತ್ತಾಳೆ. ಇವರಿಬ್ಬರೂ ಮುಂದೆ ಗಂಡ ಹೆಂಡತಿಯಾಗುತ್ತಾರೆ ಎಂಬುದನ್ನು ನೆನಪಿಡಬೇಕು.

ಹಾಗಾದರೆ ಮಕ್ಕಳು ಮಾಡಿದ್ದನ್ನೆಲ್ಲ ಒಪ್ಪಿಕೊಳ್ಳಬೇಕೇ? ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟವರು ಹೈಮ್ ಜಿನಾಟ್. ಶಾಲಾ ಮೇಷ್ಟ್ರಾಗಿದ್ದು ಆಮೇಲೆ ಮನೋವಿಜ್ಞಾನಿಯಾದ ಅವರು 1965ರಲ್ಲಿ ತಂದೆತಾಯಿಗಳಿಗಾಗಿ ಬರೆದ ಪುಸ್ತಕದ ತಿರುಳಿಷ್ಟು: ಭಾವನೆಗೆ ಬೇಲಿ ಹಾಕಬೇಡಿ, ನಡತೆಗೆ ಹಾಕಿ. ತಮ್ಮ ಬಂದು ಅಕ್ಕ ಕಟ್ಟಿದ್ದ ಮಣ್ಣಿನ ಮನೆ ಬೀಳಿಸಿದ, ಅಕ್ಕ ಕೈ ಎತ್ತಿದಳು. ಮೊದಲು ಕೈ ಹಿಡಿಯಿರಿ. ‘ಇಷ್ಟು ಹೊತ್ತು ಕಟ್ಟಿದ್ದೆ, ಬೀಳಿಸಿಬಿಟ್ಟ. ಉರಿದುಹೋಯ್ತು ಅಲ್ವಾ?’ ಎಂಬ ಮಾತು ಮೊದಲು. ‘ಹೊಡೆಯೋ ಹಾಗಿಲ್ಲ’ ಎಂಬ ಬೇಲಿ ಎರಡನೆಯದು. ‘ಅವನಿಗೆ ಏನು ಹೇಳ್ಬೇಕು ಅಂತಿದ್ದೀಯೋ ಬಾಯಲ್ಲಿ ಹೇಳು’ ಎಂಬ ದಾರಿ ಮೂರನೆಯದು. ನಾವು ಸಾಮಾನ್ಯವಾಗಿ ಎರಡನೆಯದರಿಂದ ಶುರುಮಾಡಿ ಅಲ್ಲೇ ನಿಲ್ಲಿಸುತ್ತೇವೆ, ಅದನ್ನೂ ಒಂದೇಟು ಹಾಕಿ.

ಎರಡು ಎಚ್ಚರಿಕೆ ಬೇಕು. ರಂಪ ಏರಿದ್ದಾಗ ಪಾಠ ಹೇಳಬಾರದು. ನೆಲದಲ್ಲಿ ಬಿದ್ದು ಹೊರಳುವ ಮಗುವಿಗೆ ಕಿವಿ ಇರುವುದಿಲ್ಲ. ಪಕ್ಕದಲ್ಲಿ ಕೂತಿದ್ದು, ಇಳಿದ ಮೇಲೆ ಮಾತಾಡಬೇಕು. ಎರಡನೆಯದಾಗಿ, ಹೆಸರನ್ನು ಹೇರಬಾರದು. ‘ನಿನಗೆ ಹೊಟ್ಟೆಕಿಚ್ಚು’ ಎಂದರೆ ಅದು ತೀರ್ಪು. ‘ಹೊಟ್ಟೆಕಿಚ್ಚಾಯ್ತಾ, ಇಲ್ಲ ನಿನ್ನ ಕರೀಲಿಲ್ಲ ಅಂತ ನೋವಾಯ್ತಾ?’ ಎಂದರೆ ಆರಿಸುವ ಹಕ್ಕು ಮಗುವಿನದು. ನಮ್ಮಮ್ಮ ಕೊಟ್ಟ ಮೂರು ಬೇಜಾರುಗಳನ್ನೂ ಆ ಹುಡುಗ ತಿರಸ್ಕರಿಸಿದ್ದ. ತಪ್ಪು ಹೆಸರುಗಳ ಸಹಾಯದಿಂದಲೇ ಸರಿಯಾದದ್ದಕ್ಕೆ ಬಂದ.

ಶಾಲೆಗೆ ಬರೋಣ. ಭಾವನೆಗಳ ಬಗ್ಗೆ ಶಾಲೆಯಲ್ಲಿ ಸಮಯ ಕಳೆದರೆ ಪಾಠ ಹಿಂದೆ ಬೀಳುವುದಿಲ್ಲವೇ ಎಂಬ ಅಳುಕು ಸಹಜ. ಜೋಸೆಫ್ ಡರ್ಲಕ್ ಮತ್ತು ಸಂಗಡಿಗರು 2011ರಲ್ಲಿ ಇಂಥ 213 ಶಾಲಾ ಕಾರ್ಯಕ್ರಮಗಳ, ಒಟ್ಟು ಸುಮಾರು 2.7 ಲಕ್ಷ ಮಕ್ಕಳ ಫಲಿತಾಂಶಗಳನ್ನು ಒಟ್ಟುಮಾಡಿ ನೋಡಿದರು. ಕಾರ್ಯಕ್ರಮದಲ್ಲಿದ್ದ ಮಕ್ಕಳು ಓದಿನಲ್ಲಿ ಸರಾಸರಿ 11 ಪರ್ಸೆಂಟೈಲ್ ಮುಂದಿದ್ದರು. ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವೆ ನಿಂತವನು ಹನ್ನೊಂದು ಜಾಗ ಮುಂದೆ ಬಂದಂತೆ. ಹೊರಗಿನ ತಜ್ಞರು ಬೇಕಿಲ್ಲ, ತರಗತಿಯ ಶಿಕ್ಷಕರೇ ಇದನ್ನು ಚೆನ್ನಾಗಿ ನಡೆಸಬಲ್ಲರು ಎಂಬುದೂ ಅದರಲ್ಲಿ ಕಂಡಿತು. ನಮ್ಮಲ್ಲಿ ದೆಹಲಿ ಸರ್ಕಾರ 2018ರ ಜುಲೈನಲ್ಲಿ ದಲೈ ಲಾಮಾ ಅವರ ಸಮ್ಮುಖದಲ್ಲಿ ‘ಹ್ಯಾಪಿನೆಸ್’ ಪಠ್ಯಕ್ರಮ ಆರಂಭಿಸಿತು. ನರ್ಸರಿಯಿಂದ ಎಂಟನೇ ತರಗತಿಯವರೆಗೆ ಧ್ಯಾನ, ಕತೆ, ಚಟುವಟಿಕೆ ಇದ್ದವು, ಪರೀಕ್ಷೆ ಇರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೂ ಮುಂಚೆಯೇ, ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದ ಹತ್ತು ಜೀವನ ಕೌಶಲಗಳನ್ನು ಆಧರಿಸಿ ಶಾಲಾ ಶಿಕ್ಷಕರಿಗೆ ಕೈಪಿಡಿ ರೂಪಿಸಿತ್ತು. ತನ್ನನ್ನು ತಾನು ಅರಿಯುವುದು, ಪರಾನುಭೂತಿ, ಭಾವನೆಗಳ ನಿಭಾವಣೆ ಆ ಹತ್ತರಲ್ಲಿ ಮೂರು.

ಆದರೆ ನಮ್ಮ ಶಿಕ್ಷಕರಿಗೆ ಇನ್ನೊಂದು ಪುಸ್ತಕ, ಇನ್ನೊಂದು ಪೀರಿಯಡ್, ಇನ್ನೊಂದು ಆನ್‌ಲೈನ್ ನಮೂನೆ ಬೇಡ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಗಣತಿ ಎಲ್ಲ ಅವರ ತಲೆಯ ಮೇಲಿದೆ. ಇರುವುದರಲ್ಲೇ ಆಗುವ ಕೆಲಸ ನೋಡಬೇಕು. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊಳೆತು ರಾಜ್ಯವೆಲ್ಲ ಹಬ್ಬಿದ ನಲಿ-ಕಲಿ ತರಗತಿಗೆ ಹೋದರೆ ಗೋಡೆಯ ಮೇಲೆ ಹವಾಮಾನ ನಕ್ಷೆ ಕಾಣುತ್ತದೆ. ಬಿಸಿಲೋ, ಮೋಡವೋ, ಮಳೆಯೋ ಎಂದು ಮಕ್ಕಳೇ ದಿನಾ ಗುರುತು ಹಾಕುತ್ತಾರೆ. ಅದರ ಪಕ್ಕದಲ್ಲೇ ಮನಸ್ಸಿನ ಹವಾಮಾನಕ್ಕೂ ಒಂದು ನಕ್ಷೆ ತೂಗುಹಾಕಬಹುದು. ಹಾಜರಿ ಕರೆಯುವಾಗ ‘ಎಸ್ ಮಿಸ್’ ಬದಲು ‘ಬಿಸಿಲು ಮಿಸ್’, ‘ಮೋಡ ಮಿಸ್’ ಎನ್ನಲಿ. ಕಾರಣ ಹೇಳಲೇಬೇಕೆಂದಿಲ್ಲ. ಮೂರು ದಿನ ಸತತವಾಗಿ ‘ಗುಡುಗು’ ಎಂದ ಮಗುವನ್ನು ಶಿಕ್ಷಕಿ ಊಟದ ಬೆಲ್ ಹೊತ್ತಿಗೆ ಪಕ್ಕಕ್ಕೆ ಕರೆದರೆ ಸಾಕು. ಇದಕ್ಕೆ ಬೇಕಾದದ್ದು ಒಂದು ಡ್ರಾಯಿಂಗ್ ಶೀಟು, ಎರಡು ನಿಮಿಷ.

ಜಗಳ ಬಗೆಹರಿಸುವ ರೀತಿಯನ್ನೂ ಬದಲಿಸಬಹುದು. ‘ಇಬ್ಬರೂ ಸಾರಿ ಹೇಳಿ, ಕೈ ಕುಲುಕಿ’ ಎಂಬುದು ನಮ್ಮ ಮಾಮೂಲು ತೀರ್ಪು. ಹಲ್ಲು ಕಚ್ಚಿಕೊಂಡು ಹೇಳಿದ ಆ ಸಾರಿ ಗೇಟು ದಾಟಿದ ಮೇಲೆ ಮತ್ತೆ ಗುದ್ದಾಟವಾಗುತ್ತದೆ. ಅದರ ಬದಲು ಒಬ್ಬನ ಅಹವಾಲನ್ನು ಇನ್ನೊಬ್ಬನ ಬಾಯಲ್ಲಿ ಹೇಳಿಸಿ ನೋಡಿ: ‘ಅವನಿಗೆ ಯಾಕೆ ಸಿಟ್ಟು ಬಂತು ಅಂತ ನೀನು ಹೇಳು. ಸರಿಯಾಗಿ ಹೇಳಿದನಾ ಅಂತ ಅವನನ್ನ ಕೇಳ್ತೀನಿ.’ ಇದಕ್ಕೆ ಹತ್ತು ನಿಮಿಷ ಹಿಡಿದೀತು, ಗುದ್ದಾಟದ ಮುಂದಿನ ಕಂತುಗಳು ತಪ್ಪಿಯಾವು.

ಇದೆಲ್ಲದಕ್ಕೂ ಮುಂಚಿನ ಷರತ್ತು ಒಂದಿದೆ. ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಕೋಲು ಬಹುಮಟ್ಟಿಗೆ ಬೀರು ಸೇರಿದೆ, ನಾಲಗೆ ಸೇರಿಲ್ಲ. ‘ಎಮ್ಮೆ ಮೇಯಿಸೋಕೆ ಲಾಯಕ್ಕು’ ಎಂದು ಎಲ್ಲರೆದುರು ಅನ್ನಿಸಿಕೊಂಡ ಮಗು ಮನಸ್ಸಿನ ನಕ್ಷೆಯ ಮೇಲೆ ಮರುದಿನ ‘ಬಿಸಿಲು’ ಎಂದೇ ಬರೆಯುತ್ತದೆ, ಹೆದರಿ.

ಪಠ್ಯದೊಳಗೂ ಜಾಗವಿದೆ. ಗೋವಿನ ಹಾಡನ್ನು ನಾವು ಸತ್ಯದ ಪಾಠವೆಂದು ಹೇಳಿ ಮುಗಿಸುತ್ತೇವೆ. ಪ್ರಶ್ನೆ ಬದಲಿಸಿ. ಅಮ್ಮ ಮತ್ತೆ ಹುಲಿಯ ಬಳಿಗೆ ಹೊರಟಾಗ ಕರುವಿಗೆ ಏನನ್ನಿಸಿರಬೇಕು? ಕರುವನ್ನು ನೋಡಿಕೊಳ್ಳಿ ಎಂದು ಕೇಳಿಸಿಕೊಂಡ ಉಳಿದ ಹಸುಗಳಿಗೆ? ಬರುವುದಿಲ್ಲವೆಂದುಕೊಂಡಿದ್ದ ಹಸು ಎದುರು ಬಂದು ನಿಂತಾಗ ಹುಲಿಗೆ? ಹಸಿವು, ಅಚ್ಚರಿ, ನಾಚಿಕೆ, ಪಶ್ಚಾತ್ತಾಪ ಒಂದೇ ಪ್ರಾಣಿಯೊಳಗೆ ಒಟ್ಟಿಗೆ ನುಗ್ಗುವುದನ್ನು ಮಕ್ಕಳು ಬಲು ಬೇಗ ಹಿಡಿಯುತ್ತಾರೆ. ಕೆಟ್ಟವನೆಂದು ನಾವು ತೋರಿಸಿಕೊಟ್ಟ ಹುಲಿಯ ಮೇಲೂ ಅವರಿಗೆ ಅಯ್ಯೋ ಅನ್ನಿಸುತ್ತದೆ. ಪರಾನುಭೂತಿ ಎಂಬ ಕಷ್ಟದ ಪದದ ಅರ್ಥ ಅಷ್ಟೇ.

ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡ ಹಸುವಿನ ಆ ಹಾಡೇ ನನ್ನನ್ನು ಮಾತಿನ ಎರಡನೇ ಅರ್ಥಕ್ಕೆ ತರುತ್ತದೆ. ಸ್ಟ್ಯಾನ್‌ಫರ್ಡ್‌ನ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಯಲ್ಲಿ ಆರಂಭಿಸಿದ ಪ್ರಯೋಗ ಬಹಳ ಜನಕ್ಕೆ ಗೊತ್ತು. ಮಗುವಿನ ಮುಂದೆ ಮಾರ್ಷ್‌ಮೆಲೋ ಎಂಬ ಮೆತ್ತನೆಯ ಮಿಠಾಯಿ ಇಟ್ಟು, ನಾನು ವಾಪಸ್ ಬರುವತನಕ ತಿನ್ನದಿದ್ದರೆ ಎರಡು ಕೊಡುತ್ತೇನೆ ಎನ್ನುವುದು. ಕಾದ ಮಕ್ಕಳು ಮುಂದೆ ಓದಿನಲ್ಲೂ ಬದುಕಿನಲ್ಲೂ ಗೆದ್ದರು ಎಂಬ ಕತೆ ಹಬ್ಬಿತು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಜೊತೆಗಾರರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಮತ್ತೆ ನೋಡಿದಾಗ, ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದ ಮೇಲೆ ಆ ನಂಟು ಬಹುಪಾಲು ಕರಗಿತು.

ಅದಕ್ಕಿಂತ ನನ್ನನ್ನು ಹಿಡಿದದ್ದು ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ತಂಡದ ಕೆಲಸ; ಪುಟ್ಟ ಪ್ರಯೋಗ, 28 ಮಕ್ಕಳು, 2013ರಲ್ಲಿ ಅಚ್ಚಾದದ್ದು. ಮಿಠಾಯಿಗೆ ಮುಂಚೆ ಮಕ್ಕಳಿಗೆ ಚಿತ್ರ ಬಿಡಿಸಲು ಹಳೆಯ ಬಳಪ ಕೊಟ್ಟು, ‘ಸ್ವಲ್ಪ ಕಾದರೆ ಒಳ್ಳೆಯವು ತರುತ್ತೇನೆ’ ಎಂದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು. ಉಳಿದವರಿಗೆ ಬರಿಗೈಯಲ್ಲಿ ಬಂದು ‘ಇಲ್ಲವಂತೆ’ ಎಂದರು. ಆಮೇಲೆ ಮಿಠಾಯಿ ಇಟ್ಟಾಗ, ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು, ಮಾತು ತಪ್ಪಿದವರ ಮುಂದೆ ಬರೀ ಮೂರು ನಿಮಿಷ. ಆ ಮೂರು ನಿಮಿಷದ ಮಕ್ಕಳಲ್ಲಿ ಸಂಯಮವಿಲ್ಲ ಎನ್ನೋಣವೇ? ನಂಬಿ ಕಾಯಲು ಅವರಿಗೆ ಕಾರಣವಿರಲಿಲ್ಲ.

‘ಭಾನುವಾರ ಜೂಗೆ ಕರ್ಕೊಂಡ್ ಹೋಗ್ತೀನಿ’, ‘ಇದೊಂದು ಕಾಲ್ ಮುಗಿಸಿ ಬಂದೆ’, ‘ಇಂಜೆಕ್ಷನ್ ನೋಯೋದೇ ಇಲ್ಲ’, ‘ನೀನು ಹೇಳಿದ್ದನ್ನ ಯಾರಿಗೂ ಹೇಳಲ್ಲ’. ಇಂಥ ಎಷ್ಟು ಮಾತುಗಳನ್ನು ನಾವು ಬಳಪದ ಡಬ್ಬಿಯಂತೆ ಮರೆತಿದ್ದೇವೆ? ನೆರವೇರಿಸಲಾಗದ ಮಾತನ್ನು ಕೊಡದಿರುವುದು ಒಂದು ದಾರಿ. ತಪ್ಪಿದಾಗ ಮಗುವಿನ ಕಣ್ಣು ನೋಡಿ ‘ತಪ್ಪಾಯ್ತು, ನಿನಗೆ ನಿರಾಸೆ ಮಾಡಿದೆ’ ಎನ್ನುವುದು ಇನ್ನೊಂದು. ‘ಇವತ್ತು ನನಗೆ ತಲೆನೋವಿದೆ, ಬೇಗ ರೇಗ್ತೀನೇನೋ, ಸಹಕರಿಸಿ ಮಕ್ಕಳೇ’ ಎನ್ನುವ ಮೇಷ್ಟ್ರು ಪುಸ್ತಕವಿಲ್ಲದೆಯೇ ಈ ಪಾಠ ಮಾಡಿರುತ್ತಾರೆ.

ಮಾತಿಗೂ ಒಂದು ಮಿತಿಯಿದೆ. ವಾರಗಟ್ಟಲೆ ನಿದ್ದೆ ಊಟ ಕೆಟ್ಟರೆ, ಮಗು ಆಟವನ್ನೇ ಬಿಟ್ಟರೆ, ಬದುಕೇ ಬೇಡ ಎಂಬರ್ಥದ ಮಾತಾಡಿದರೆ ಅಜ್ಜಿಯ ಅವರೆಕಾಯಿ ಮೊರದ ಮುಂದೆ ಅದು ಬಗೆಹರಿಯದು, ವೈದ್ಯರು ಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಮಗು ಹಿಂಸೆಗೆ ಸಿಕ್ಕಿದೆ ಎನ್ನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ.

ಮರುದಿನ ಮೂರೂವರೆಗೆ ಅಮ್ಮ ಮಂಡಿಗೆ ಎಣ್ಣೆ ಹಚ್ಚಿ, ಶಾಲು ಹೊದ್ದು ಹೊರಟರು. ನಾನು ಸ್ಕೂಟರಿನಲ್ಲಿ ಬಿಡುತ್ತೇನೆ ಎಂದರೂ ಕೇಳಲಿಲ್ಲ; ವಾಪಸ್ ಬರುವಾಗ ಹುಡುಗನ ಜೊತೆ ನಡೆದೇ ಬರಬೇಕಂತೆ. ನಾನೂ ಹಿಂದೆ ಹೋದೆ. ಬೆಲ್ ಹೊಡೆಯಿತು. ಮಕ್ಕಳ ಹಿಂಡಿನ ನಡುವೆ ಇವನು ಬಂದ, ಆ ಗೆಳೆಯನ ಹೆಗಲ ಮೇಲೆಯೇ ಕೈ ಹಾಕಿಕೊಂಡು, ಯಾವುದೋ ಮಾತಿಗೆ ನಗುತ್ತ. ಗೇಟಿನ ಬಳಿ ಅಜ್ಜಿಯನ್ನು ಕಂಡು ಬೆರಗಾದ.

‘ಅಜ್ಜಿ, ನೀನ್ಯಾಕೆ ಬಂದೆ?’

‘ಬರ್ತೀನಿ ಅಂದಿದ್ನಲ್ಲೋ,’ ಎಂದು ಅಮ್ಮ ಅವನ ಬ್ಯಾಗು ತೆಗೆದುಕೊಳ್ಳಲು ಕೈ ಚಾಚಿದರು. ಅವನು ಬ್ಯಾಗು ಕೊಡಲಿಲ್ಲ. ಗೆಳೆಯನ ಹೆಗಲಿನಿಂದ ಒಂದು ಕೈ ತೆಗೆದು ಅಜ್ಜಿಗೆ ಕೊಟ್ಟ.